ಕೌನ್ಸೆಲಿಂಗ್ ಅಂದ್ರೆ ಪಂಚಾಯ್ತಿ ಕಟ್ಟೆ ಅಲ್ಲ

ನಾನು ಕೌನ್ಸೆಲಿಂಗ್ ಮಾಡೋ ಸೋಶಿಯಲ್ ವರ್ಕರ್. ಈ ಸಲ ನಂಗೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಸಾಲು ಇತ್ತು, 'ನೀವೇ ಹೇಳಿ ಮೇಡಂ, ತಪ್ಪು ಯಾರದ್ದು' ಅಂತ. ಅದಕ್ಕೆ ಉತ್ತರ ನನ್ನ ಹತ್ರ ಇಲ್ಲ, ಇದ್ರೂ ಕೊಡಲ್ಲ. ಯಾಕೆ ಅಂತ ಮೊದಲ್ನೇ ಪತ್ರ ಓದ್ತಾ ಗೊತ್ತಾಗುತ್ತೆ.

ಪ್ರಶ್ನೆ: ಮೇಡಂ, ಮದುವೆ ಆಗಿ 9 ವರ್ಷ, ಒಬ್ಬ ಮಗ. ನಮ್ಮೆಜಮಾನ್ರು ಸಂಬಳ ಬಂದ ದಿನಾನೇ ಅವರಮ್ಮನ ಕೈಗೆ ದುಡ್ಡು ಕೊಡ್ತಾರೆ, ಅದ್ರಲ್ಲಿ ಅರ್ಧ ಮೈದುನನ ಸಾಲಕ್ಕೆ ಹೋಗುತ್ತೆ. ಕೇಳಿದ್ರೆ ಎರಡು ದಿನ ಮಾತು ಬಿಡ್ತಾರೆ. ಅತ್ತೆನೂ ನಂಗೆ ನೇರ ಮಾತಾಡಲ್ಲ, 'ಅಜ್ಜಿ ಹೇಳಿದ್ರು ಗ್ಯಾಸ್ ಬುಕ್ ಮಾಡ್ಬೇಕಂತೆ' ಅಂತ ಮಗ ಬಂದು ಹೇಳ್ತಾನೆ. ಕೌನ್ಸೆಲಿಂಗ್‌ಗೆ ಹೋಗೋಣ ಅಂದ್ರೆ 'ನಾವೇನು ಹುಚ್ಚರಾ, ಮನೆ ವಿಷ್ಯ ಬೀದಿಗೆ ತರ್ತೀಯಾ' ಅಂತಾರೆ ಇವ್ರು. ನಾನೊಬ್ಳೇ ಹೋದ್ರೆ ಪ್ರಯೋಜನ ಇದ್ಯಾ? – ಹೆಸರು ಬೇಡ, ತಿಪಟೂರು

ಉತ್ತರ: ಇದೆ ಕಣಮ್ಮಾ, ಒಬ್ರೇ ಹೋಗಿ. ಗಂಡ ಹೆಂಡ್ತಿ ಇಬ್ರೂ ಕೈ ಕೈ ಹಿಡ್ಕೊಂಡು ಬಂದ್ರೇನೇ ಬಾಗ್ಲು ತೆಗೆಯೋದು ಅಂತ ಏನಿಲ್ಲ, ನನ್ನ ಹತ್ರ ಮೊದಲ್ನೇ ಸಲ ಬರೋರಲ್ಲಿ ಬಹಳ ಜನ ಒಬ್ರೇ ಬರ್ತಾರೆ, ಅದೂ ಬ್ಯಾಂಕಿಗೆ ಹೋಗ್ತೀನಿ ಅಂತ ಮನೇಲಿ ಸುಳ್ಳು ಹೇಳಿ.

ನೀವು ಬಂದ್ರೆ ಮೊದಲು ಒಂದು ದೊಡ್ಡ ಬಿಳಿ ಹಾಳೆ ಹಾಸಿ ನಿಮ್ಮ ಮನೆಯ ಮೂರು ತಲೆಮಾರು ಬರೀತೀವಿ. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು, ತೀರಿಕೊಂಡೋರ ಮೇಲೆ ಅಡ್ಡಗೀಟು, ಜಗಳ ಇರೋ ಇಬ್ಬರ ಮಧ್ಯೆ ಹಾವಿನ ಥರ ಅಂಕುಡೊಂಕು ಗೆರೆ. ಜೀನೋಗ್ರಾಂ ಅಂತಾರೆ ಇದಕ್ಕೆ, ನಾನು ವಂಶವೃಕ್ಷ ಅಂತೀನಿ, ಬಂದೋರಿಗೂ ಅದೇ ಸಲೀಸು. ಗುರುತು ಸಿಗದ ಹಾಗೆ ಬದಲಾಯಿಸಿ ಒಂದು ಮನೆ ಕಥೆ ಹೇಳ್ತೀನಿ, ಹೆಚ್ಚೂಕಮ್ಮಿ ನಿಮ್ಮದೇ ಕಥೆ. ಮೂರು ಸಲ ಹೆಂಡ್ತಿ ಒಬ್ಳೇ ಬಂದ್ಮೇಲೆ ನಾಲ್ಕನೇ ಸಲ ಗಂಡ ಬಂದ್ರು, ಹೆಲ್ಮೆಟ್ ಕೂಡ ಕೆಳಗಿಡ್ದೆ ತೊಡೆ ಮೇಲೆ ಇಟ್ಕೊಂಡು ಕೂತಿದ್ರು, ಯಾವಾಗ ಎದ್ದು ಹೋಗ್ತೀನೋ ಅನ್ನೋ ಥರ. ನಾನು ಏನೂ ಕೇಳ್ಲಿಲ್ಲ, ಹಾಳೆ ಅವರ ಕಡೆ ತಿರುಗಿಸಿದೆ ಅಷ್ಟೇ. ಅವರಪ್ಪನ ಚೌಕದ ಮೇಲಿನ ಅಡ್ಡಗೀಟು ನೋಡಿ 'ಆಗ ನಂಗೆ 17 ಮೇಡಂ, ಅವತ್ತಿಂದ ಅಂಗಡಿ ಬಾಗ್ಲು ನಾನೇ ತೆಗೀತಿರೋದು' ಅಂದ್ರು. ಅವತ್ತಿಗೆ ಜಗಳ ಮುಗೀತು ಅಂದ್ಕೋಬೇಡಿ, ತಮ್ಮನ ಸಾಲಾನೂ ತೀರ್ಲಿಲ್ಲ. ಆದ್ರೆ 'ನಿಮ್ಮಮ್ಮನಾ, ನಾನಾ' ಅಂತ ಶುರುವಾಗಿದ್ದ ಮಾತು 'ಸ್ಕೂಲ್ ಫೀಸ್ ಮೊದಲು ತೆಗೆದಿಟ್ಟು ಉಳಿದದ್ದರಲ್ಲಿ ತಮ್ಮನಿಗೆ ಎಷ್ಟು, ಎಲ್ಲೀವರೆಗೆ' ಅನ್ನೋ ಲೆಕ್ಕಕ್ಕೆ ಬಂತು. ಅಷ್ಟಾಗೋಕೆ ಏಳು ಸಿಟ್ಟಿಂಗ್ ಹಿಡೀತು. ತಪ್ಪು ಯಾರದ್ದು ಅಂತ ನಾನು ಅವತ್ತು ಹೇಳಿದ್ರೆ ಅವ್ರು ಹೆಲ್ಮೆಟ್ ಹಾಕ್ಕೊಂಡು ಎದ್ದು ಹೋಗ್ತಿದ್ರು, ಅದಕ್ಕೇ ಹೇಳಲ್ಲ.

ಯಜಮಾನ್ರನ್ನ ಕರೆಯೋವಾಗ 'ನೀವು ಸರಿ ಹೋಗ್ಬೇಕು ಬನ್ನಿ' ಅನ್ಬೇಡಿ. 'ನಾನು ಹೋಗ್ತಿದೀನಿ, ನಿಮ್ಮ ಕಡೆ ಮಾತೂ ಅವ್ರಿಗೆ ಗೊತ್ತಾಗ್ಲಿ, ಒಂದ್ಸಲ ಬನ್ನಿ' ಅನ್ನಿ. ಇನ್ನೊಂದು, ಮಗನ್ನ ಈ ಪೋಸ್ಟ್‌ಮ್ಯಾನ್ ಕೆಲಸದಿಂದ ಇವತ್ತೇ ರಿಟೈರ್ ಮಾಡ್ಸಿ, ಇದಕ್ಕೆ ಯಾವ ಕೌನ್ಸೆಲರೂ ಬೇಕಿಲ್ಲ. ಅವನು ಬಂದು 'ಅಜ್ಜಿ ಹೇಳಿದ್ರು' ಅಂದ್ರೆ 'ಸರಿ ಪುಟ್ಟ, ನಾನೇ ಹೋಗಿ ಕೇಳ್ತೀನಿ' ಅಂತ ಎದ್ದು ಅತ್ತೆ ಹತ್ರ ಹೋಗಿ ಗ್ಯಾಸ್ ವಿಷ್ಯ ಅಷ್ಟೇ ಮಾತಾಡಿ ಬನ್ನಿ. ಮೊದಲ್ನೇ ದಿನ ಇಬ್ರಿಗೂ ಮುಜುಗರ ಆಗುತ್ತೆ, ಆಗ್ಲಿ ಬಿಡಿ.

ಪ್ರಶ್ನೆ: ಸೋಶಿಯಲ್ ವರ್ಕರ್ ಅಂದ್ರೆ ರಕ್ತದಾನ ಶಿಬಿರ ಮಾಡೋರು ಅಂದ್ಕೊಂಡಿದ್ದೆ, ನೀವು ಮಾತ್ರೆನೂ ಬರೀತೀರಾ? – ಓದುಗ, ಗದಗ

ಉತ್ತರ: ಬರೆಯಲ್ಲ ಸರ್, ಬರೆಯೋ ಹಾಗೂ ಇಲ್ಲ. ಮಾತ್ರೆ ಬರೆಯೋದು ಸೈಕಿಯಾಟ್ರಿಸ್ಟ್, ಅಂದ್ರೆ ಎಂಬಿಬಿಎಸ್ ಓದಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟ್ರು. ಫ್ಲೆಕ್ಸಲ್ಲಿ ಕೈ ಮುಗಿದುಕೊಂಡು 'ಸಮಾಜ ಸೇವಕರು' ಅಂತ ಹಾಕ್ಕೊಂಡಿರ್ತಾರಲ್ಲ, ಅವ್ರೂ ನಾವಲ್ಲ. ನಮ್ಮದು ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯದಲ್ಲಿ ಮಾಸ್ಟರ್ಸ್ ಡಿಗ್ರಿ, 2 ವರ್ಷದ ಓದು, ಅದಾದ್ಮೇಲೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ನಲ್ಲಿ ಎಂ.ಫಿಲ್ ಮಾಡಿದೋರು ಇದ್ದಾರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಅವ್ರ ಹೆಸ್ರಿದೆ. ಸೈಕಾಲಜಿಸ್ಟ್ ನಿಮ್ಮ ಮನಸ್ಸಿನ ಒಳಗೆ ಹೆಚ್ಚು ನೋಡಿದ್ರೆ ನಾವು ಮನೆ, ಸಾಲ, ಕೆಲಸ, ನೆಂಟ್ರು ಎಲ್ಲ ಸೇರಿಸಿ ನೋಡ್ತೀವಿ, ಗೆರೆ ಅಷ್ಟು ನೀಟಾಗೇನೂ ಇಲ್ಲ. ಬೆಂಗಳೂರಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಒಂದು ವಿಭಾಗ ಇದೆ. ಆದ್ರೆ ಅಲ್ಲೀತನಕ ಹೋಗ್ಬೇಕು ಅಂತಿಲ್ಲ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ನಿಮ್ಮ ಜಿಲ್ಲೆಯಲ್ಲೇ ಇದೆ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಇಡೀ ದೇಶಕ್ಕೆ ಇದರ ಮಾದರಿ ಹುಟ್ಟಿದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ. ಪ್ರೈವೇಟಾಗಿ ಹೋಗೋದಾದ್ರೆ ಬೋರ್ಡ್ ನೋಡಿ ನಂಬ್ಬೇಡಿ, 'ಏನು ಓದಿದೀರಾ, ಎಲ್ಲಿ ಟ್ರೈನಿಂಗ್, ಫೀಸ್ ಎಷ್ಟು' ಅಂತ ಬಾಯಿಬಿಟ್ಟು ಕೇಳಿ, ಕೇಳಿದ್ರೆ ಸಿಟ್ಟಾಗೋರ ಹತ್ರ ಹೋಗ್ಲೇಬೇಡಿ.

ಪ್ರಶ್ನೆ: ಮಗನಿಗೆ 19. ನೀಟ್ ಎರಡನೇ ಸಲನೂ ಆಗ್ಲಿಲ್ಲ, ರೂಮಿಂದ ಹೊರಗೆ ಬರಲ್ಲ, ಊಟದ ತಟ್ಟೆನೂ ಒಳಗೇ. ನಿಮ್ಮಂಥೋರ ಹತ್ರ ಕಳಿಸ್ತೀನಿ, ಸ್ವಲ್ಪ ಬುದ್ಧಿ ಹೇಳಿ, ಅವನು ಏನಂದ ಅಂತ ನಂಗೆ ಫೋನ್ ಮಾಡಿ ತಿಳಿಸ್ತೀರಾ? – ಒಬ್ಬ ತಂದೆ, ಹಾಸನ

ಉತ್ತರ: ಸರ್, ಎರಡೂ ಆಗಲ್ಲ. ಬುದ್ಧಿ ಹೇಳೋಕೆ ಮನೇಲಿ ನೀವಿದೀರಿ, ಚಿಕ್ಕಪ್ಪ ಇದ್ದಾರೆ, ಪಕ್ಕದ್ಮನೆಯೋರಂತೂ ಇದ್ದೇ ಇರ್ತಾರೆ, ಅವನಿಗೆ ಕೊರತೆ ಇರೋದು ಬುದ್ಧಿ ಹೇಳೋರದ್ದಲ್ಲ. ಅವನು ಹೇಳಿದ್ದನ್ನ ನಿಮಗೆ ಹೇಳೋ ಹಾಗೂ ಇಲ್ಲ, 18 ದಾಟಿದ ಹುಡುಗ, ಗುಟ್ಟು ಕಾಪಾಡೋದು ಅವನ ಹಕ್ಕು ಅಂತ ಕಾಯ್ದೆನೇ ಹೇಳುತ್ತೆ. ಅವನ ಜೀವಕ್ಕೆ ಅಪಾಯ ಇದೆ ಅನ್ನಿಸಿದ್ರೆ ಮಾತ್ರ ಮನೆಯೋರಿಗೆ ತಿಳಿಸ್ತೀವಿ, ಅದನ್ನೂ ಅವನಿಗೆ ಮೊದಲ್ನೇ ದಿನಾನೇ ಹೇಳಿರ್ತೀವಿ.

ಈಗ ನೀವು ಮಾಡ್ಬೇಕಾದ್ದು. ಇವತ್ತು ಸಂಜೆ ಬಾಗ್ಲು ತಟ್ಟಿ ಒಳಗೆ ಹೋಗಿ ಕೂತ್ಕೊಳ್ಳಿ, ನೀಟ್ ಮಾತು ಎತ್ಬೇಡಿ, ನಿದ್ದೆ ಬರ್ತಿದ್ಯಾ ಅಂತ ಕೇಳಿ, 'ಬದುಕೋದೇ ಬೇಡ ಅನ್ನಿಸ್ತಿದ್ಯಾ' ಅಂತಾನೂ ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ತುಂಬ್ದಂಗಾಗುತ್ತೆ ಅಂತ ಹೆದರ್ತಾರೆ ಎಲ್ರೂ, ಹಾಗಾಗಲ್ಲ, ಕೇಳಿಸ್ಕೊಳ್ಳೋಕೆ ಒಬ್ರಿದ್ದಾರೆ ಅಂತ ಗೊತ್ತಾಗುತ್ತೆ. ಹೌದು ಅಂದ್ರೆ ಒಬ್ನನ್ನೇ ಬಿಡ್ಬೇಡಿ, ತೋಟದ ಔಷಧಿ, ಮಾತ್ರೆ ಡಬ್ಬ ಎಲ್ಲ ಬೀಗದೊಳಗಿಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. 14416 ಅಂದ್ರೆ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ಇದೆ, ಫ್ರೀ, ರಾತ್ರಿ ಎರಡು ಗಂಟೆಗೂ ಕನ್ನಡದಲ್ಲೇ ಮಾತಾಡ್ತಾರೆ, ಅವನಿಗೂ ನಿಮಗೂ ಆಗುತ್ತೆ. ಅವನು ಬರಲ್ಲ ಅಂದ್ರೆ ನೀವೇ ಬನ್ನಿ ಸರ್, ನಿಮ್ಮ ಪತ್ರದ ಅಕ್ಷರ ನೋಡಿದ್ರೆ ನೀವೂ ನಿದ್ದೆ ಮಾಡಿದ ಹಾಗಿಲ್ಲ.

ಪ್ರಶ್ನೆ: ಗಂಡ ಕುಡಿದು ಹೊಡೀತಾರೆ, ಹೋದ ತಿಂಗಳು ಕೈ ಮೂಳೆ ಬಿಟ್ಟಿತ್ತು. ಹಿರಿಯರು 'ಇಬ್ರೂ ಕೌನ್ಸೆಲಿಂಗ್‌ಗೆ ಹೋಗಿ ಸರಿಹೋಗಿ' ಅಂತಿದಾರೆ. – ಊರು ಬೇಡ

ಉತ್ತರ: ತಂಗಿ, ಈಗ ಬೇಡ. ಹೊಡೆಯೋರ ಪಕ್ಕದಲ್ಲಿ ಕೂತು ನಿಜ ಹೇಳಿದ್ರೆ ಅದರ ಲೆಕ್ಕ ಮನೆಗೆ ಹೋದ್ಮೇಲೆ ಚುಕ್ತಾ ಆಗುತ್ತೆ, ಅದಕ್ಕೇ ಇಂಥ ಕಡೆ ನಾವು ಇಬ್ಬರನ್ನೂ ಒಟ್ಟಿಗೆ ಕೂರಿಸಲ್ಲ. ಮೊದಲು ನಿಮ್ಮ ಜೀವ. ಮಹಿಳಾ ಸಹಾಯವಾಣಿ 181, ಆ ಕ್ಷಣದ ಅಪಾಯಕ್ಕೆ 112. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಅಂತ ಇರ್ತಾರೆ, ತಾಲೂಕಲ್ಲಿ ಸಿಡಿಪಿಒ, ಅಂದ್ರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಆಫೀಸಲ್ಲಿ ಕೇಳಿ, ಅದೇ ಮನೇಲಿ ಇರೋ ಹಕ್ಕು, ರಕ್ಷಣೆ ಆದೇಶ, ಖರ್ಚಿಗೆ ದುಡ್ಡು ಎಲ್ಲ ಅದ್ರಲ್ಲಿ ಕೇಳ್ಬಹುದು, ವಕೀಲರು ಕಾನೂನು ಸೇವಾ ಪ್ರಾಧಿಕಾರದಿಂದ ಫ್ರೀ. ಮೂಳೆಯ ಎಕ್ಸ್‌ರೇ, ಆಸ್ಪತ್ರೆ ಚೀಟಿ, ಆಧಾರ್ ಒಂದು ಕವರಲ್ಲಿ ಹಾಕಿ ನಂಬಿಕಸ್ಥರ ಮನೇಲಿಡಿ. ಕುಡಿತ ಬಿಡಿಸೋದು ಬೇರೆ ಚಿಕಿತ್ಸೆ, ಅದು ಅವ್ರ ಕೆಲಸ, ಅದು ಮುಗಿಯೋ ತನಕ ನೀವು ಏಟು ತಿಂತಾ ಕಾಯ್ಬೇಕಿಲ್ಲ.

ಪ್ರಶ್ನೆ: ಇಬ್ರೂ ಒಪ್ಪಿ ಡೈವೋರ್ಸ್‌ಗೆ ಹಾಕಿದೀವಿ, ಕೋರ್ಟಲ್ಲಿ ಕೌನ್ಸೆಲಿಂಗ್‌ಗೆ ಹೋಗಿ ಅಂದ್ರು. ಸುಮ್ನೆ ಟೈಮ್ ವೇಸ್ಟಾ? – ಮೈಸೂರು

ಉತ್ತರ: 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಪ್ರಕಾರ ಮೊದಲು ರಾಜಿಗೆ ಪ್ರಯತ್ನ ಮಾಡ್ಲೇಬೇಕು ಕೋರ್ಟು, ಅದಕ್ಕೆ ಕಳಿಸೋದು. ಹಿಂದೂ ವಿವಾಹ ಕಾಯ್ದೆಯ 6 ತಿಂಗಳ ಕಾಯುವಿಕೆಯನ್ನ ಸೂಕ್ತ ಅನ್ನಿಸಿದ್ರೆ ಕೋರ್ಟು ಮನ್ನಾ ಮಾಡ್ಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದನ್ನ ವಕೀಲರ ಹತ್ರ ಕೇಳ್ಕೊಳ್ಳಿ. ಕೌನ್ಸೆಲಿಂಗ್‌ಗೆ ಹೋದ ಮಾತ್ರಕ್ಕೆ ಮತ್ತೆ ಒಂದಾಗ್ಲೇಬೇಕು ಅಂತಿಲ್ಲ, ನೆಟ್ಟಗೆ ಬೇರೆ ಆಗೋಕೂ ಕೂತು ಮಾತಾಡ್ಬೇಕಲ್ವಾ, ಮಕ್ಕಳಿದ್ರಂತೂ. ಹಿಂದೆ ಒಂದು ಜೋಡಿ ಬಂದಿದ್ರು, ಜೀವನಾಂಶ, ಸೈಟು ಎಲ್ಲ ವಕೀಲರೇ ಮುಗಿಸಿದ್ರು, ಮಗಳು ಮಾತ್ರ ಪ್ರತಿ ಸೋಮವಾರ ಹೊಟ್ಟೆನೋವು ಅಂತ ಸ್ಕೂಲಿಗೆ ಹೋಗ್ತಿರ್ಲಿಲ್ಲ. ವಿಚಾರಿಸಿದ್ರೆ ಶನಿವಾರ ಅಪ್ಪನ ಮನೆಗೆ ಹೋಗೋವಾಗ ಯಾವುದಾದ್ರೂ ಒಂದು ಪುಸ್ತಕ ಮರೆತಿರ್ತಿದ್ಲು, ಅದಕ್ಕೆ ಇಬ್ರೂ ಫೋನಲ್ಲಿ ಕಿತ್ತಾಡ್ತಿದ್ರು, ಸೋಮವಾರ ಹೋಮ್‌ವರ್ಕ್ ಇಲ್ದೆ ಕ್ಲಾಸಲ್ಲಿ ನಿಲ್ಬೇಕಿತ್ತು. ಮೂರನೇ ಸಿಟ್ಟಿಂಗ್‌ನಲ್ಲಿ ಎರಡು ಸೆಟ್ ಪುಸ್ತಕ ಕೊಳ್ಳೋದು ಅಂತ ತೀರ್ಮಾನ ಆಯ್ತು, ಎರಡೂ ಸೆಟ್‌ಗೆ ಬೈಂಡ್ ಹಾಕಿದ್ದು ಅಪ್ಪ, ಲೇಬಲ್ ಬರೆದದ್ದು ಅಮ್ಮ.