ನಾಲ್ಕು ದಿನದಿಂದ ಮಂಚದ ಕೆಳಗೇ ಇದೆ, ವಾಪಸ್ ಕೊಟ್ಟುಬಿಡಲಾ?

ಸಾಕುಪ್ರಾಣಿಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ನಿವೃತ್ತ ಪಶುವೈದ್ಯೆಯೊಬ್ಬರ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರಮ್ಮ. ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ, ನಾನು ಮತ್ತು ನಮ್ಮ ಯಜಮಾನರು. ಬೀದಿ ಬೆಕ್ಕುಗಳನ್ನು ಕಾಪಾಡಿ ಸಾಕುವವರಿಗೆ ಕೊಡುವ ಒಬ್ಬರಿಂದ ಭಾನುವಾರ ಎರಡು ವರ್ಷದ ಹೆಣ್ಣು ಬೆಕ್ಕು ತಂದೆವು. ಅವರ ಮನೆಯಲ್ಲಿ ತೊಡೆ ಮೇಲೆ ಮಲಗುತ್ತಿತ್ತು. ಇಲ್ಲಿಗೆ ಬಂದ ಕೂಡಲೇ ಮಂಚದ ಕೆಳಗೆ ಓಡಿದ್ದು, ಇವತ್ತಿಗೂ ನಮ್ಮ ಎದುರು ಹೊರಗೆ ಬಂದಿಲ್ಲ. ಹಾಲಿಟ್ಟರೆ ಮೂಸಿ ಸುಮ್ಮನಾಗುತ್ತೆ. ರಾತ್ರಿ ಇಟ್ಟ ಪ್ಯಾಕೆಟ್ ಆಹಾರ ಬೆಳಿಗ್ಗೆ ಅರ್ಧ ಖಾಲಿಯಾಗಿರುತ್ತೆ. ಕೈ ಹಾಕಿದರೆ ಬುಸ್ ಅನ್ನುತ್ತೆ. ನಾವು ಸಸ್ಯಾಹಾರಿಗಳು. ಮುಂದಿನ ತಿಂಗಳು ಅತ್ತೆ ಬರುತ್ತಾರೆ, ಮೊಸರನ್ನ ರೂಢಿ ಮಾಡಿಸು ಅಂತ ಈಗಲೇ ಫೋನಿನಲ್ಲಿ ಹೇಳುತ್ತಿದ್ದಾರೆ. ನಾನು ಇದುವರೆಗೂ ಬೆಕ್ಕು ಸಾಕಿದವಳಲ್ಲ. ಅದಕ್ಕೆ ನನ್ನನ್ನು ಕಂಡರೆ ಆಗಲ್ಲ ಅನ್ನಿಸುತ್ತಿದೆ. ವಾಪಸ್ ಕೊಟ್ಟುಬಿಡಲಾ?

ಉತ್ತರ: ಕೊಡಬೇಡಿ. ಈ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಅದು ಮಂಚದ ಮೇಲೇ ಮಲಗಿದ್ದರೂ ಮಲಗಿರಬಹುದು. ಆದರೂ ಬರೆಯುತ್ತೇನೆ, ಏಕೆಂದರೆ ಇದೇ ಪತ್ರ ಬೇರೆ ಬೇರೆ ಊರಿನಿಂದ ನನಗೆ ಬರುತ್ತಲೇ ಇರುತ್ತದೆ.

ನೀವು ಬರೆದದ್ದರಲ್ಲಿ ನನಗೆ ಬೇಕಾದ ಮಾತು ಒಂದೇ: 'ಬೆಳಿಗ್ಗೆ ಅರ್ಧ ಖಾಲಿ'. ನೀವು ಮಲಗಿದ ಮೇಲೆ ಅದು ಹೊರಗೆ ಬರುತ್ತಿದೆ, ತಿನ್ನುತ್ತಿದೆ, ನಿಮ್ಮ ಮನೆಯ ಮೂಲೆ ಮೂಲೆ ಮೂಸಿ ನೋಡುತ್ತಿದೆ. ನಿಮ್ಮನ್ನು ಕಂಡರೆ ಆಗಲ್ಲ ಅಂತಲ್ಲ. ನೀವು ಯಾರು ಅಂತಲೇ ಅದಕ್ಕಿನ್ನೂ ಗೊತ್ತಿಲ್ಲ.

ನಾನು ಮೂವತ್ತು ವರ್ಷ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಹಸು, ಎಮ್ಮೆ, ಕುರಿ ನೋಡಿದವಳು. ಬೆಕ್ಕು ನನ್ನ ಮನೆಗೆ ಬಂದದ್ದು ಸಕಲೇಶಪುರದ ಕಡೆ ಇದ್ದಾಗ. ಹೋಟೆಲ್ ಹುಡುಗನೊಬ್ಬ ಗೋಣಿಚೀಲದಲ್ಲಿ ತಂದುಕೊಟ್ಟ. ಬಾಲದ ಮೇಲೆ ಗೂಡ್ಸ್ ಆಟೊ ಹತ್ತಿತ್ತು. ಅರ್ಧ ಬಾಲ ತೆಗೆದು, ಹೊಲಿಗೆ ಹಾಕಿ, ಕ್ವಾರ್ಟರ್ಸಿಗೆ ಕರೆದುಕೊಂಡು ಹೋದೆ. ಅದು ಸೀದಾ ಬಚ್ಚಲುಮನೆಯ ಅಟ್ಟ ಹತ್ತಿ ಹಳೇ ಹಂಡೆಯ ಹಿಂದೆ ಕೂತಿತು. ಎರಡು ದಿನ ಕಾದೆ. ಹಸುವಿನ ಹೊಟ್ಟೆಯೊಳಗೆ ಭುಜದ ತನಕ ಕೈ ಹಾಕಿ ಕರು ತೆಗೆದವಳು ನಾನು, ಈ ಮೂರು ಕೆಜಿ ಪ್ರಾಣಿಗೆ ಹೆದರುವುದೇ ಅಂತ ಮೂರನೇ ದಿನ ಸ್ಟೂಲ್ ಹತ್ತಿ ಕೈ ಚಾಚಿದೆ. ಹೆಬ್ಬೆರಳಿಗೆ ಸರಿಯಾಗಿ ಕಚ್ಚಿತು. ನನಗೆ ಮೊದಲೇ ರೇಬಿಸ್ ಲಸಿಕೆ ಆಗಿದ್ದರಿಂದ ಎರಡೇ ಇಂಜೆಕ್ಷನ್ನಿಗೆ ಮುಗಿಯಿತು. ಆದರೆ ಬೆಕ್ಕು ಇನ್ನೂ ಒಂದು ವಾರ ಹಂಡೆ ಬಿಟ್ಟು ಕದಲಲಿಲ್ಲ.

ಅದು ಇಳಿದು ಬಂದದ್ದು ನಾನು ಕರೆದಾಗಲ್ಲ, ಮರೆತಾಗ. ಡಿಸೆಂಬರ್ ತಿಂಗಳು. ನೆಲದ ಮೇಲೆ ಪೇಪರ್ ಹಾಸಿಕೊಂಡು, ಬಚ್ಚಲಿಗೆ ಬೆನ್ನು ಹಾಕಿ ಅವರೆಕಾಯಿ ಬಿಡಿಸುತ್ತಿದ್ದೆ. ಸಿಪ್ಪೆಯ ರಾಶಿಯಲ್ಲಿ ಚರಪರ ಸದ್ದಾಯಿತು. ತಿರುಗದೆ ಓರೆಗಣ್ಣಿನಲ್ಲಿ ನೋಡಿದೆ. ಒಂದು ಬಿಳಿ ಪಂಜ ಸಿಪ್ಪೆಯನ್ನು ಒತ್ತಿ ಹಿಡಿದಿತ್ತು, ಬಿಟ್ಟಿತು, ಮತ್ತೆ ಒತ್ತಿತು. ನಾನು ಬಿಡಿಸುತ್ತಲೇ ಇದ್ದೆ. ಅಷ್ಟೂ ಅವರೆ ಮುಗಿಯುವ ತನಕ ಅದು ಅಲ್ಲೇ ಕೂತಿತ್ತು. ಅದು ಹನ್ನೊಂದನೇ ದಿನ. ನಿಮ್ಮದು ಇನ್ನೂ ನಾಲ್ಕು ದಿನ ಅಲ್ವಾ?

ಹಾಗಾಗಿ ಮೊದಲು ಕೈ ಹಾಕುವುದನ್ನು ನಿಲ್ಲಿಸಿ. ಮಂಚದ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಅಡ್ಡಡ್ಡ ಇಟ್ಟು, ನೀವು ಉಟ್ಟು ಬಿಟ್ಟ ಹಳೇ ಕಾಟನ್ ಸೀರೆಯ ತುಂಡು ಹಾಸಿ. ಒಗೆಯಬೇಡಿ, ನಿಮ್ಮ ವಾಸನೆ ಅದರಲ್ಲಿರಲಿ. ದಿನಾ ಸಂಜೆ ಅರ್ಧ ಗಂಟೆ ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತು ನಿಮ್ಮ ಪಾಡಿಗೆ ಏನಾದರೂ ಮಾಡಿ. ಸೊಪ್ಪು ಬಿಡಿಸಿ, ಪೇಪರ್ ಓದಿ. ದಿಟ್ಟಿಸಿ ನೋಡಬೇಡಿ. ಕಣ್ಣಿಗೆ ಕಣ್ಣು ಸೇರಿದರೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನಾವು ಕಳ್ಳತನಕ್ಕೆ ಹೋಲಿಸುತ್ತೇವೆ. ಬೆಕ್ಕುಗಳ ನಡುವೆ ಅರೆಗಣ್ಣು ಮುಚ್ಚುವುದೆಂದರೆ 'ನಿನ್ನಿಂದ ನನಗೆ ಭಯವಿಲ್ಲ' ಅಂತ. ಬ್ರಿಟನ್‌ನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಇದನ್ನು ಪರೀಕ್ಷಿಸಿದರು. ನಿಧಾನವಾಗಿ ಕಣ್ಣು ಮಿಟುಕಿಸಿದವರ ಹತ್ತಿರ ಬೆಕ್ಕುಗಳು ಹೆಚ್ಚು ಸುಲಭವಾಗಿ ಬಂದವು.

ಒಂದು ವಿಷಯದಲ್ಲಿ ಮಾತ್ರ ಕಾಯುತ್ತಾ ಕೂರಬೇಡಿ. ಒಂದು ಇಡೀ ದಿನ ಏನೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಎರಡನೇ ದಿನವೂ ಹಾಗೇ ಆದರೆ ಕರೆದುಕೊಂಡೇ ಹೋಗಿ. ನಾಯಿ ಎರಡು ದಿನ ಉಪವಾಸ ತಡೆದುಕೊಳ್ಳುತ್ತೆ. ಬೆಕ್ಕಿಗೆ, ಅದರಲ್ಲೂ ದಪ್ಪ ಬೆಕ್ಕಿಗೆ, ಹೊಟ್ಟೆ ಖಾಲಿ ಬಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ಹೋಗಿ ಸೇರಿಕೊಳ್ಳುತ್ತೆ. ಅದಕ್ಕೇ ರಾತ್ರಿ ಎಷ್ಟಿಟ್ಟಿರಿ, ಬೆಳಿಗ್ಗೆ ಎಷ್ಟು ಉಳಿಯಿತು ಅಂತ ನೋಡುತ್ತಿರಿ. ನಾಲ್ಕು ಕೆಜಿ ಬೆಕ್ಕಿಗೆ ದಿನಕ್ಕೆ 50–60 ಗ್ರಾಂ ಒಣ ಆಹಾರ ಸಾಕು.

ಇನ್ನು ಹಾಲು. ತೆನಾಲಿ ರಾಮಕೃಷ್ಣ ಬಿಸಿ ಹಾಲಿಟ್ಟು ಬೆಕ್ಕಿನ ಬಾಯಿ ಸುಡಿಸಿದ ಕಥೆ ಎಲ್ಲರಿಗೂ ಗೊತ್ತು. ಅವನು ಮಾಡಿದ್ದು ಕ್ರೂರವೇ, ಆದರೆ ಹಾಲು ಬಿಟ್ಟದ್ದರಿಂದ ಆ ಬೆಕ್ಕಿಗೆ ನಷ್ಟವೇನೂ ಆಗಿರಲಿಕ್ಕಿಲ್ಲ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿಯಾಗುತ್ತೆ. ಬಟ್ಟಲಲ್ಲಿ ನೀರಿಡಿ.

ಅತ್ತೆಯವರ ಮೊಸರನ್ನದ ಬಗ್ಗೆ ನೇರವಾಗಿ ಹೇಳುತ್ತೇನೆ. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರಿನ್ ಅನ್ನುವ ಒಂದು ಪೋಷಕಾಂಶವನ್ನು ಅದರ ದೇಹ ಬೇಕಾದಷ್ಟು ತಯಾರಿಸಿಕೊಳ್ಳುವುದಿಲ್ಲ, ಅದು ಮಾಂಸ, ಮೀನಿನಿಂದಲೇ ಸಿಗಬೇಕು. ಸಿಗದಿದ್ದರೆ ತಿಂಗಳುಗಳು ಕಳೆದಂತೆ ಕಣ್ಣು ಹೋಗುತ್ತೆ, ಹೃದಯ ದುರ್ಬಲವಾಗುತ್ತೆ. 'ನಮ್ಮಜ್ಜಿ ಮನೆ ಬೆಕ್ಕು ಮೊಸರನ್ನ ತಿಂದೇ ಬದುಕಿತ್ತು' ಅಂತ ನೂರು ಜನ ಹೇಳಿದ್ದಾರೆ. ಅಜ್ಜಿ ಮನೆಯ ಬೆಕ್ಕು ರಾತ್ರಿ ಕಣಜದ ಹತ್ತಿರ ಏನು ತಿನ್ನುತ್ತಿತ್ತು ಅಂತ ಅಜ್ಜಿಯೇನು ಕೇಳಿದರೇ? ನಿಮ್ಮದು ಮನೆಯೊಳಗಿನ ಬೆಕ್ಕು, ಇಲಿ ಸಿಗಲ್ಲ. ಆದ್ದರಿಂದ ಪ್ಯಾಕೆಟ್ ಕ್ಯಾಟ್ ಫುಡ್ಡನ್ನೇ ಹಾಕಿ. ಅಡುಗೆಮನೆಗೆ ತರಬೇಡಿ. ಯುಟಿಲಿಟಿಯಲ್ಲಿ ಒಂದು ಡಬ್ಬ, ಒಂದು ತಟ್ಟೆ, ಒಂದು ಚಮಚ ಬೇರೆ ಇಟ್ಟುಬಿಡಿ. ಅತ್ತೆಗೆ 'ಬೇಯಿಸುವುದು ಗೀಯಿಸುವುದು ಏನೂ ಇಲ್ಲಮ್ಮ, ಅದರ ಔಷಧಿ ಅಂದುಕೊಳ್ಳಿ' ಅನ್ನಿ. ಅದಕ್ಕೂ ಮನೆಯಲ್ಲಿ ಒಪ್ಪದಿದ್ದರೆ ಆಗ ವಾಪಸ್ ಕೊಡುವ ಯೋಚನೆ ಮಾಡಿ. ನಾಚಿಕೆಯಿಂದ ಬೆಕ್ಕು ಅಡಗಿದೆ ಅಂತ ಕೊಡಬೇಡಿ.

ಮಲಮೂತ್ರದ ಟ್ರೇ ಬಗ್ಗೆ ನೀವು ಬರೆದಿಲ್ಲ. ಊಟದ ತಟ್ಟೆಯ ಪಕ್ಕ ಇಡಬೇಡಿ, ವಾಷಿಂಗ್ ಮಷೀನಿನ ಪಕ್ಕವಂತೂ ಬೇಡವೇ ಬೇಡ. ಒಂದು ಸಲ ಅದು ಕೂತಿರುವಾಗ ಮಷೀನ್ ಗಡಗಡ ಅಂದರೆ ಮುಗಿಯಿತು, ಆಮೇಲೆ ನಿಮ್ಮ ಸೋಫಾ ಹಿಂದೆಯೇ. ಈಗ ಮಲಗುವ ಕೋಣೆಯ ಮೂಲೆಯಲ್ಲೇ ಇರಲಿ. ಕೊಟ್ಟವರ ಮನೆಯಿಂದ ಅದು ಬಳಸಿದ ಲಿಟರ್ (ಟ್ರೇಗೆ ಹಾಕುವ ಮರಳು) ಒಂದು ಹಿಡಿ ತಂದು ಬೆರೆಸಿದರೆ ಪರಿಚಯದ ವಾಸನೆಗೆ ತಾನೇ ಹೋಗುತ್ತೆ. ಅವರ ಹತ್ತಿರ ಲಸಿಕೆಯ ಕಾರ್ಡನ್ನೂ ಕೇಳಿ ಪಡೆಯಿರಿ. ರೇಬಿಸ್ ಲಸಿಕೆ ಯಾವಾಗ ಹಾಕಿಸಿದರು, ಮರಿಯಾಗದಂತೆ ಮಾಡುವ ಆಪರೇಷನ್ ಆಗಿದೆಯಾ ಅಂತ ಅದರಲ್ಲಿರಬೇಕು. ಕಿವಿಯ ತುದಿ ನೇರವಾಗಿ ಕತ್ತರಿಸಿದ ಹಾಗಿದ್ದರೆ ಗಾಬರಿ ಬೇಡ, ಅದು ಆಪರೇಷನ್ ಆದ ಬೀದಿ ಬೆಕ್ಕಿನ ಗುರುತು.

ಅತ್ತೆ ಬರುವ ದಿನ, ಸೂಟ್‌ಕೇಸು ಒಳಗೆ ಬರುವ ಹೊತ್ತಿನಲ್ಲಿ, ಕೋಣೆಯ ಬಾಗಿಲು ಹಾಕಿರಲಿ. ಹೊಸ ಮನೆಯ ಬೆಕ್ಕು ತೆರೆದ ಬಾಗಿಲಿಂದ ಓಡಿದರೆ ವಾಪಸ್ ಬರುವ ದಾರಿ ಅದಕ್ಕೆ ಗೊತ್ತಿರಲ್ಲ. ಹಾಗೇ ಯಾರಿಗಾದರೂ ಪರಚಿದರೆ, ಕಚ್ಚಿದರೆ, ಅರಿಶಿನ ಮೆತ್ತಿ ಕೂರಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಸಾಕಲು ತಂದ ಬೆಕ್ಕಿನ ಮರಿಗೆ ಮೈ ಬಿಸಿಯಾಗಿದೆ. ಮಕ್ಕಳ ಪ್ಯಾರಸಿಟಮಾಲ್ ಸಿರಪ್ ನಾಲ್ಕು ಹನಿ ಹಾಕಬಹುದೇ? (ಹುಬ್ಬಳ್ಳಿ)

ಉತ್ತರ: ಹಾಕಬೇಡಿ, ಒಂದು ಹನಿಯೂ ಬೇಡ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ರಕ್ತ ಕಂದುಬಣ್ಣಕ್ಕೆ ತಿರುಗಿ ಉಸಿರಾಟಕ್ಕೇ ತೊಂದರೆಯಾಗುತ್ತೆ. ದೊಡ್ಡ ಬೆಕ್ಕೂ ಒಂದು ಮಾತ್ರೆಗೆ ಸಾಯಬಹುದು. ಈಗಾಗಲೇ ಹಾಕಿದ್ದರೆ ಈ ಪತ್ರಿಕೆ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಓಡಿ. ನಾಯಿಯ ಉಣ್ಣೆ ಹುಳಕ್ಕೆ ಹಾಕುವ ಔಷಧಿಯನ್ನೂ ಬೆಕ್ಕಿಗೆ ಹಚ್ಚಬೇಡಿ, ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಅದೂ ವಿಷವೇ.

ಪ್ರಶ್ನೆ: ನಾನೀಗ ಮೂರು ತಿಂಗಳ ಗರ್ಭಿಣಿ. ಬೆಕ್ಕಿನಿಂದ ಮಗುವಿಗೆ ತೊಂದರೆ, ಎಲ್ಲಾದರೂ ಬಿಟ್ಟು ಬಾ ಅಂತ ಅಮ್ಮ ಹಟ ಹಿಡಿದಿದ್ದಾರೆ. (ಶಿವಮೊಗ್ಗ)

ಉತ್ತರ: ಅಮ್ಮ ಹೇಳುವುದರಲ್ಲಿ ಸತ್ಯದ ಎಳೆ ಇದೆ. ಟಾಕ್ಸೊಪ್ಲಾಸ್ಮಾ ಅನ್ನುವ ಪರೋಪಜೀವಿ ಬೆಕ್ಕಿನ ಮಲದಲ್ಲಿ ಬರಬಹುದು. ಆದರೆ ಅದು ಹೊರಬಿದ್ದ ಕೂಡಲೇ ಅಂಟುವುದಿಲ್ಲ, ಕನಿಷ್ಠ ಒಂದು ದಿನ ಬೇಕು. ದಿನಾ ತಪ್ಪದೆ ಟ್ರೇ ಸ್ವಚ್ಛ ಮಾಡಿದರೆ ಅಪಾಯ ಬಹಳ ಕಡಿಮೆ. ಆ ಕೆಲಸ ನಿಮ್ಮದಲ್ಲ, ಯಜಮಾನರದ್ದು. ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ, ಹೊರಗೆ ಬಿಡಬೇಡಿ. ನಿಜ ಹೇಳಬೇಕೆಂದರೆ ಸರಿಯಾಗಿ ತೊಳೆಯದ ಸೊಪ್ಪಿನಿಂದ, ಅರೆಬೆಂದ ಮಾಂಸದಿಂದ, ಕೈತೋಟದ ಮಣ್ಣಿನಿಂದಲೂ ಅದು ಬರುತ್ತೆ. ಕೊತ್ತಂಬರಿಯನ್ನು ಮನೆಯಿಂದ ಯಾರೂ ಓಡಿಸಲ್ಲ! ನಿಮ್ಮ ಹೆರಿಗೆ ಡಾಕ್ಟರಿಗೆ ಮನೆಯಲ್ಲಿ ಬೆಕ್ಕಿದೆ ಅಂತ ಹೇಳಿಡಿ, ಬೇಕಿದ್ದರೆ ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಪ್ರಶ್ನೆ: ಮೂರು ಬಣ್ಣದ ಗಂಡು ಬೆಕ್ಕಿನ ಮರಿ, ಮನೆಗೆ ಅದೃಷ್ಟ ಅಂತ ಒಬ್ಬರು 5,000 ರೂಪಾಯಿ ಕೇಳುತ್ತಿದ್ದಾರೆ. ಕೊಳ್ಳಬಹುದೇ? (ಉಡುಪಿ)

ಉತ್ತರ: ಮೊದಲು ಬಾಲ ಎತ್ತಿ ನೋಡಿ. ಕೇಸರಿ ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಕೇಸರಿ, ಕಪ್ಪು ಎರಡೂ ಒಂದೇ ಮೈಮೇಲೆ ಬರಬೇಕಾದರೆ ಎರಡು ಎಕ್ಸ್ ಬೇಕು, ಅಂದರೆ ಅದು ಹೆಣ್ಣು. ಸಾವಿರಾರರಲ್ಲಿ ಒಂದು ಗಂಡು ಹುಟ್ಟುತ್ತದೆ, ಅದಕ್ಕೂ ಸಾಮಾನ್ಯವಾಗಿ ಸಂತಾನವಾಗುವುದಿಲ್ಲ. ನಿಮಗೆ ತೋರಿಸುತ್ತಿರುವುದು ಹೆಚ್ಚುಕಮ್ಮಿ ಖಂಡಿತ ಹೆಣ್ಣುಮರಿ. ಅಂಥವು ಕಾಪಾಡಿ ಸಾಕುವವರ ಹತ್ತಿರ ಪುಕ್ಕಟೆ ಸಿಗುತ್ತವೆ. ನಾಲ್ಕೈದು ತಿಂಗಳಿಗೇ ಗಬ್ಬ ಕಟ್ಟಬಹುದು, ಒಂಬತ್ತು ವಾರಕ್ಕೆ ಮರಿ ಹಾಕುತ್ತೆ, ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬ ಕಟ್ಟಬಹುದು. ಆ 5,000ವನ್ನು ಲಸಿಕೆಗೆ, ಆಪರೇಷನ್ನಿಗೆ ಎತ್ತಿಡಿ.