ಕೈ ಬೇರೆ, ಮರ ಬೇರೆ

ಮೇ ತಿಂಗಳ ಎರಡನೇ ವಾರ, ಶಿವಮೊಗ್ಗದಲ್ಲಿ ಮಳೆಗೆ ಮುಂಚಿನ ಆ ಬೇಯಿಸುವ ಸೆಕೆ. ಗಂಡ ಹೆಂಡತಿ ಆಪ್ತಸಲಹೆಗೆ ಅಂತ ಬಂದು ನನ್ನೆದುರು ಕೂತರು. ಗಂಡ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆ ಮೇಲೆ ಇಟ್ಟುಕೊಂಡರು, ನೆಂಟರ ಮನೆ ಮಗುವನ್ನು ಕೂರಿಸಿಕೊಳ್ಳುವ ಹಾಗೆ. ಹೆಂಡತಿ ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ಅದರ ತುಂಬ ಎಕ್ಸ್‌ರೇ, ಎಂಆರ್‌ಐ, ಎಣ್ಣೆ ಬಾಟಲಿ, ಎರಡು ಮೂರು ಚೀಟಿ.

ಹೆಸರು ಬೇಡ. ಊರು ಹೊಸನಗರದ ಕಡೆ ಅಂತ ಇಟ್ಟುಕೊಳ್ಳಿ, ಅದನ್ನೂ ಸ್ವಲ್ಪ ಬದಲಿಸಿದ್ದೇನೆ. ಇಬ್ಬರೂ ಬರೆಯಿರಿ ಅಂತ ಒಪ್ಪಿದ ಮೇಲೇ ಬರೆಯುತ್ತಿದ್ದೇನೆ. ಅವರು ಮಾಡುವ ಕೆಲಸದ ಹೆಸರಿನಿಂದಲೇ ಕೊನೆಗೌಡರು ಅನ್ನುತ್ತೇನೆ. ಈ ಕಡೆಯವರಿಗೆ ವಿವರಿಸಬೇಕಿಲ್ಲ. ಬೇರೆಯವರಿಗೆ ಹೇಳುವುದಾದರೆ, ಕಾಲಿಗೆ ತಳೆ ಅನ್ನುವ ಬಳೆ ಹಾಕಿಕೊಂಡು ಐವತ್ತು ಅರವತ್ತು ಅಡಿ ಅಡಿಕೆ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸುವವರು. ನೆಲಕ್ಕಿಳಿಯದೆ ಮರದಿಂದ ಮರಕ್ಕೆ ದಾಟುತ್ತಾರೆ. ಸುಗ್ಗಿಯಲ್ಲಿ ಅವರಿಗೆ ಇರುವ ಮರ್ಯಾದೆಯೇ ಬೇರೆ. ತೋಟದ ಯಜಮಾನರೇ ಹಿಂದಿನ ರಾತ್ರಿ ಫೋನ್ ಮಾಡಿ "ನಾಳೆ ಬರ್ತೀಯಲ್ಲ ಮಾರಾಯ" ಅಂತ ಗೋಗರೆಯುತ್ತಾರೆ.

ಡಿಸೆಂಬರ್‌ನಲ್ಲಿ ಇವರು ಹಾಗೆ ದಾಟುವಾಗ ಕಾಲು ಜಾರಿತು. ಬೀಳಲಿಲ್ಲ, ಬಲಗೈಯಲ್ಲಿ ಮರ ಹಿಡಿದು ನೇತಾಡಿದರು. ಭುಜದಲ್ಲಿ ಟಪ್ ಅಂತ ಏನೋ ಸದ್ದಾಯಿತಂತೆ. "ಬಿದ್ದಿದ್ರೆ ಆಸ್ಪತ್ರೆಗೆ ಎತ್ಕೊಂಡು ಹೋಗ್ತಿದ್ರು ಮೇಡಂ. ಬೀಳ್ದೆ ಇದ್ದಿದ್ದೇ ತಪ್ಪಾಯ್ತು" ಅಂದರು. ನಗಿಸೋಕೆ ಹೇಳಿದ್ದು. ಆದರೆ ಮಾತು ನಿಜ. ಅವತ್ತೇ ಆಸ್ಪತ್ರೆಗೆ ಹೋಗಿದ್ದರೆ ಈ ಕಥೆ ಇಷ್ಟು ಉದ್ದ ಆಗುತ್ತಿರಲಿಲ್ಲ.

ಮೊದಲು ಹೋಗಿದ್ದು ನಾಟಿ ವೈದ್ಯರ ಹತ್ತಿರ. ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಮೂರು ವಾರ ಬಿಟ್ಟು ಬಿಚ್ಚಿದಾಗ ಭುಜದ ಜೊತೆ ಮೊಣಕೈಯೂ ಬಿಗಿದುಕೊಂಡಿತ್ತು. ಆಮೇಲೆ ಆಯುರ್ವೇದದ ಎಣ್ಣೆ, ಎಲೆಕಿಳಿ ಶಾಖ, ಅಂದರೆ ಎಲೆ ತುಂಬಿದ ಬಟ್ಟೆ ಗಂಟನ್ನು ಬಿಸಿ ಮಾಡಿ ಒತ್ತುವುದು. ಅದು ಹಿತ ಅನಿಸಿತು, ಎರಡು ವಾರ ರಾತ್ರಿ ನಿದ್ದೆ ಬಂತು. ನಂತರ ಯಾರೋ ಸಂತೆಯಲ್ಲಿ ಕೊಟ್ಟ ಹೆಸರಿಲ್ಲದ ಮಾತ್ರೆ. ಮೂರೇ ದಿನಕ್ಕೆ ನೋವು ಮಾಯ, ತಿಂಗಳಲ್ಲಿ ಮುಖ ಊದಿತು. ಮುಂದೆ ಒಂದು ಆಸ್ಪತ್ರೆಯಲ್ಲಿ ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್. ಕೊನೆಗೆ ಏಪ್ರಿಲ್‌ನಲ್ಲಿ ಎಂಆರ್‌ಐ: ರೊಟೇಟರ್ ಕಫ್‌ನ, ಅಂದರೆ ಭುಜದ ಕೀಲನ್ನು ಸುತ್ತಿ ಹಿಡಿದಿರುವ ಸ್ನಾಯುಗಳ ಗುಂಪಿನ, ಒಂದು ಸ್ನಾಯುವಿನ ತುದಿ ಮೂಳೆಯಿಂದ ಪೂರ್ತಿ ಕಿತ್ತುಬಂದಿದೆ, ಸುಮಾರು 2 ಸೆಂಟಿಮೀಟರ್. ಡಾಕ್ಟರು ಐದು ನಿಮಿಷ ನೋಡಿ "ಆಪರೇಷನ್ ಮಾಡಿಸಿ" ಅಂದರಂತೆ.

"ಕೊಯ್ಯಿಸಬೇಕಾ ಬೇಡವಾ, ಒಂದು ಹೇಳಿ ಮೇಡಂ. ಐದು ತಿಂಗಳಿಂದ ಎಲ್ಲರೂ ಒಂದೊಂದು ಹೇಳ್ತಿದಾರೆ."

ಹೆಂಡತಿ ತಕ್ಷಣ, "ಎಣ್ಣೆಯಲ್ಲೇ ಗುಣ ಆಗ್ತಿದೆ ಅಕ್ಕ, ಇವರಿಗೆ ತಾಳ್ಮೆ ಇಲ್ಲ ಅಷ್ಟೇ" ಅಂದರು. ಗಂಡ ಕಿಟಕಿ ಕಡೆ ನೋಡಿದರು.

ಇಲ್ಲಿ ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಡಾಕ್ಟರಲ್ಲ, ಆಪ್ತಸಲಹೆಗಾರ್ತಿ. ಅವರು ಬಾಯಿ ಬಿಡುವ ಮುಂಚೆಯೇ ನನ್ನ ಮನಸ್ಸು ಆಪರೇಷನ್ ಬೇಡ ಅಂತ ವಾಲಿತ್ತು. ಕಾರಣ ನಮ್ಮ ಅಮ್ಮ. ಸಕ್ಕರೆ ಕಾಯಿಲೆ ಇದ್ದ ಅವರ ಭುಜ ಬಿಗಿದು, ಒಂದೂವರೆ ವರ್ಷ ಕಷ್ಟಪಟ್ಟು, ವ್ಯಾಯಾಮದಲ್ಲೇ ಸರಿಹೋಯಿತು. ಆದರೆ ಅದು ಫ್ರೋಜನ್ ಶೋಲ್ಡರ್. ಕೀಲಿನ ಸುತ್ತಲಿನ ಪೊರೆ ಬಿಗಿಯುವುದು, ಸಕ್ಕರೆ ಇದ್ದವರಿಗೆ ಜಾಸ್ತಿ ಬರುತ್ತದೆ, ನಿಧಾನಕ್ಕೆ ಸಡಿಲವಾಗುತ್ತದೆ. ಇದು ಹರಿದಿರುವುದು. ಎರಡನ್ನೂ ನಾವು "ಭುಜ ನೋವು" ಅಂತಲೇ ಕರೆಯುತ್ತೇವೆ, ಆಮೇಲೆ ಒಬ್ಬರಿಗೆ ಗುಣವಾದ ಮದ್ದನ್ನು ಇನ್ನೊಬ್ಬರ ಮೇಲೆ ಹೇರುತ್ತೇವೆ. ನಾನೂ ಅದನ್ನೇ ಮಾಡುವುದರಲ್ಲಿದ್ದೆ.

ಬೆಂಗಳೂರಿನಲ್ಲಿರುವ ಕೊನೆಗೌಡರ ಬಾಮೈದ ಮಾಡಿದ್ದೂ ಇದೇ. ಅವನು ವಾಟ್ಸಾಪ್‌ನಲ್ಲಿ ಒಂದು ಸುದ್ದಿ ಕಳಿಸಿದ್ದ: ಭುಜದ ಆಪರೇಷನ್ನೂ ಒಂದೇ, ಸುಮ್ನೆ ತೂತು ಹಾಕಿ ಹೊಲಿಯುವುದೂ ಒಂದೇ, ವಿಜ್ಞಾನಿಗಳೇ ಹೇಳಿದ್ದಾರೆ ಅಂತ. ಹುಡುಕಿ ನೋಡಿದೆ. ಸುಳ್ಳಲ್ಲ. ಬ್ರಿಟನ್ನಿನಲ್ಲಿ ನಡೆದ ಆ ಪ್ರಯೋಗ 2018ರಲ್ಲಿ ಪ್ರಕಟವಾಗಿದೆ. ಆದರೆ ಅದು ಭುಜದ ಮೂಳೆಯ ಅಡಿ ಕೆರೆದು ಜಾಗ ಮಾಡುವ ಆಪರೇಷನ್ ಬಗ್ಗೆ. ಸ್ನಾಯು ಪೂರ್ತಿ ಹರಿದವರನ್ನು ಅದರಲ್ಲಿ ಸೇರಿಸಿಕೊಂಡೇ ಇರಲಿಲ್ಲ. ಕೊನೆಗೌಡರ ಭುಜಕ್ಕೂ ಆ ಸುದ್ದಿಗೂ ಸಂಬಂಧವೇ ಇಲ್ಲ.

ಸಂಬಂಧ ಸ್ವಲ್ಪ ಇರುವುದು ಇನ್ನೊಂದಕ್ಕೆ. 2013ರಲ್ಲಿ ಅಮೆರಿಕದ ಡಾಕ್ಟರುಗಳು, ಪೆಟ್ಟಿಲ್ಲದೆ ಸವೆದು ಸವೆದು ಪೂರ್ತಿ ಹರಿದ 400ಕ್ಕೂ ಹೆಚ್ಚು ಜನರಿಗೆ ಮೊದಲು 12 ವಾರ ಫಿಸಿಯೋಥೆರಪಿ ಕೊಟ್ಟು ನೋಡಿದರು. ಎರಡು ವರ್ಷ ಕಳೆದರೂ ಸುಮಾರು ನಾಲ್ಕರಲ್ಲಿ ಮೂರು ಜನಕ್ಕೆ ಆಪರೇಷನ್ ಬೇಕಾಗಲಿಲ್ಲ. ಆಪರೇಷನ್‌ಗೆ ಹೋದವರು ಯಾಕೆ ಹೋದರು ಅಂತ ಅದೇ ತಂಡ ಮುಂದೆ ವಿಚಾರಿಸಿದಾಗ ನನ್ನಂಥವರ ಕಿವಿ ನಿಮಿರುವ ಉತ್ತರ ಸಿಕ್ಕಿತು. ನೋವು ಎಷ್ಟು, ಹರಿದಿದ್ದು ಎಷ್ಟು ಅನ್ನೋದಕ್ಕಿಂತ, "ಈ ವ್ಯಾಯಾಮದಿಂದ ನನಗೆ ಏನೂ ಆಗಲ್ಲ" ಅಂತ ಮೊದಲೇ ಅಂದುಕೊಂಡಿದ್ದರೋ ಇಲ್ಲವೋ ಅನ್ನುವುದೇ ದೊಡ್ಡ ಕಾರಣವಾಗಿತ್ತು.

ಇವರದ್ದು ಸವೆದಿದ್ದಲ್ಲ. ವಯಸ್ಸು 46, ಒಂದೇ ಏಟಿಗೆ ಕಿತ್ತಿದ್ದು. ಇಂಥದ್ದರಲ್ಲಿ ಕಾಯುವುದಕ್ಕೂ ಬೆಲೆ ಇದೆ. ಕಿತ್ತ ತುದಿ ಹಿಂದಕ್ಕೆ ಜಗ್ಗುತ್ತಾ ಹೋಗುತ್ತದೆ, ಕೆಲಸವಿಲ್ಲದ ಸ್ನಾಯು ಸೊರಗಿ ಅಲ್ಲಿ ಕೊಬ್ಬು ತುಂಬುತ್ತದೆ. ತುಂಬಿದ ಕೊಬ್ಬು ಆಮೇಲೆ ಹೋಗುವುದು ಕಷ್ಟ. ಅದಕ್ಕೇ ಅವರಿಗೆ ಅವತ್ತು ನೇರವಾಗಿ ಹೇಳಿದ್ದು ಇಷ್ಟು: "ಮಾಡಿಸಿ, ಬಿಡಿ ಅಂತ ನಾನು ಹೇಳೋಕಾಗಲ್ಲ. ಆದ್ರೆ ಸುಮ್ನೆ ನೋಡೋಣ, ನೋಡೋಣ ಅಂತ ದಿನ ತಳ್ಳಿದ್ರೆ ಅದೂ ಒಂದು ತೀರ್ಮಾನವೇ. ಈ ತಿಂಗಳ ಒಳಗೆ ಭುಜ ಗೊತ್ತಿರೋ ಇನ್ನೊಬ್ಬ ಮೂಳೆ ಡಾಕ್ಟರ ಹತ್ತಿರ ಹೋಗಿ."

ಎಣ್ಣೆ, ಶಾಖದ ಬಗ್ಗೆ ನಾನು ಮೂಗು ಮುರಿಯಲಿಲ್ಲ. ಶಿವಮೊಗ್ಗದಲ್ಲೇ ಸರ್ಕಾರಿ ಆಯುರ್ವೇದ ಕಾಲೇಜಿದೆ, ಓದಿದ ವೈದ್ಯರಿದ್ದಾರೆ. ಬಿಗಿತ ಇಳಿಯುತ್ತದೆ, ನಿದ್ದೆ ಬರುತ್ತದೆ ಅಂದರೆ ಅದು ಸಣ್ಣ ವಿಷಯವಲ್ಲ, ರಾತ್ರಿ ಆ ಮಗ್ಗುಲಿಗೆ ಹೊರಳಲಾಗದೆ ಎದ್ದು ಕೂತವರಿಗೆ ಕೇಳಿ. ಆದರೆ ಮೂಳೆಯಿಂದ ಕಿತ್ತ ತುದಿಯನ್ನು ಎಣ್ಣೆ ಮತ್ತೆ ಅಂಟಿಸುವುದಿಲ್ಲ. ಹರಿದ ಭುಜವನ್ನು ಜೋರಾಗಿ ಹಿಡಿದು ತಿರುಚುವವರ ಕೈಗೆ ಕೊಡುವುದಂತೂ ಬೇಡವೇ ಬೇಡ. ಇಂಜೆಕ್ಷನ್ ಕೂಡ ಹಾಗೆ, ನೋವು ತಗ್ಗಿಸುತ್ತದೆ, ಪದೇ ಪದೇ ಹಾಕಿಸಿದರೆ ಸ್ನಾಯುವಿನ ತುದಿಯನ್ನೇ ದುರ್ಬಲ ಮಾಡುತ್ತದೆ. ಹೆಸರಿಲ್ಲದ ಮಾತ್ರೆ ಮಾತ್ರ ಅವತ್ತೇ ಡಾಕ್ಟರಿಗೆ ತೋರಿಸಿ ಅಂದೆ. ಮೂರು ದಿನಕ್ಕೆ ನೋವು ಮಾಯ, ಮುಖ ಊದುವುದು ಅಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು. ತಿಂಗಳುಗಟ್ಟಲೆ ತಿಂದಿದ್ದರೆ ತಾವಾಗೇ ತಟ್ಟನೆ ನಿಲ್ಲಿಸುವುದೂ ಅಪಾಯ, ಆಪರೇಷನ್ ಮಾಡುವವರಿಗೆ ಹೇಳದೆ ಇರುವುದು ಇನ್ನೂ ಅಪಾಯ.

ಫಿಸಿಯೋಥೆರಪಿ ಮಾಡಿಸಿದ್ರಾ ಅಂತ ಕೇಳಿದೆ. "ಹೂಂ" ಅಂದರು. ಪರ್ಸ್‌ನಿಂದ ಎಂಟು ಮಡಿಕೆಯಾಗಿದ್ದ ಒಂದು ಜೆರಾಕ್ಸ್ ಹಾಳೆ ತೆಗೆದರು. ಗೋಡೆ ಹಿಡಿದು ನಿಂತ ಗೊಂಬೆಗಳ ಚಿತ್ರ. ಅಷ್ಟೇ ಅವರ ಫಿಸಿಯೋಥೆರಪಿ. ನನಗೆ ಸಿಟ್ಟು ಬಂದಿದ್ದು ಅವರ ಮೇಲಲ್ಲ.

ಎರಡನೇ ಸಲ ಬಂದಾಗ ಬೇರೆ ಡಾಕ್ಟರನ್ನು ಕಂಡು ಬಂದಿದ್ದರು. ಅವರೂ ಆಪರೇಷನ್ ಕಡೆಗೇ ಇದ್ದರು, ಕೊಬ್ಬು ಇನ್ನೂ ಜಾಸ್ತಿ ತುಂಬಿಲ್ಲ, ಹೊಲಿಯಬಹುದು ಅಂದಿದ್ದರು. ಇಷ್ಟಾದ ಮೇಲೆ ಮಾತು ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಹೆಂಡತಿ ಮತ್ತೆ ಎಣ್ಣೆ ಅಂದರು. ದುಡ್ಡಿನ ಮಾತೆತ್ತಿದರು, ಸಂಘದ ಸಾಲ ಅಂದರು. ಬಿಪಿಎಲ್ ಕಾರ್ಡ್ ಇದೆಯಲ್ಲ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆಯಲ್ಲ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಅವರೇ ಬೇರೆ ಕಡೆ ಬರೆದುಕೊಡ್ತಾರೆ, ಈ ಆಪರೇಷನ್ ಮತ್ತು ಮೂಳೆಗೆ ಹಾಕುವ ಆಂಕರ್‌ನ ಖರ್ಚು ಅದರಲ್ಲಿ ಬರುತ್ತದಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯಮಿತ್ರರನ್ನು ಕೇಳಿ ಅಂದೆ. ತಲೆಯಾಡಿಸಿದರು. ಕೇಳಿಸಿಕೊಳ್ಳಲಿಲ್ಲ.

ಆಗ ಗಂಡನನ್ನು ಸ್ವಲ್ಪ ಚಾ ಕುಡಿದು ಬನ್ನಿ ಅಂತ ಹೊರಗೆ ಕಳಿಸಿದೆ. ಇದು ನಾನು ಮೊದಲ ದಿನವೇ ಮಾಡಬೇಕಿತ್ತು.

ಬಾಗಿಲು ಮುಚ್ಚಿದ ಮೇಲೆ ಅವರು ಸ್ವಲ್ಪ ಹೊತ್ತು ಚೀಲದ ಹಿಡಿಕೆ ತಿರುಚಿದರು. ಆಮೇಲೆ, "ಕೈ ಪೂರ್ತಿ ಸರಿ ಆದ್ರೆ ಮತ್ತೆ ಹತ್ತುತ್ತಾರೆ ಅಕ್ಕ" ಅಂದರು. ಇಪ್ಪತ್ತು ವರ್ಷ, ಪ್ರತಿ ಸುಗ್ಗಿಯಲ್ಲಿ, ಸಂಜೆ ಸೈಕಲ್ ಸದ್ದು ಕೇಳುವವರೆಗೂ ಅವರ ಹೊಟ್ಟೆಗೆ ಅನ್ನ ಇಳಿದಿಲ್ಲವಂತೆ. ಈ ಐದು ತಿಂಗಳು ಗಂಡ ನರಳುತ್ತಿದ್ದರೂ ನೆಲದ ಮೇಲಿದ್ದಾರೆ. "ಅರ್ಧ ಗುಣ ಆದ್ರೆ ಸಾಕು. ಊಟ ಮಾಡೋಕೆ, ಸ್ನಾನಕ್ಕೆ ಆದ್ರೆ ಸಾಕು. ನಾನು ಪಾಪಿ ಅಲ್ವಾ?"

ಪಾಪಿ ಅಲ್ಲ ಅಂದೆ. ಬೇರೆ ಏನು ಹೇಳಲಿ.

ಗಂಡ ಒಳಗೆ ಬಂದ ಮೇಲೆ, ಹೆಂಡತಿಯ ಒಪ್ಪಿಗೆ ಕೇಳಿಕೊಂಡು, ಅವರ ಬಾಯಲ್ಲೇ ಇದನ್ನು ಹೇಳಿಸಿದೆ. ಗಂಡನಿಗೆ ಗೊತ್ತೇ ಇರಲಿಲ್ಲ. ತುಂಬ ಹೊತ್ತು ಸುಮ್ಮನಿದ್ದು, "ನಂಗೂ ಹೆದರಿಕೆ ಆಗ್ತದೆ" ಅಂದರು. ಡಿಸೆಂಬರ್‌ನಿಂದ ಕಣ್ಣು ಮುಚ್ಚಿದರೆ ಕಾಲು ಜಾರಿದ್ದೇ ಬರುತ್ತದೆ. ಆದರೆ ಕೊನೆಗೌಡ ಮರಕ್ಕೆ ಹೆದರಿದ ಅಂತ ಊರಲ್ಲಿ ಹೇಳುವುದು ಹೇಗೆ? ಆಪರೇಷನ್ ಆಗಿ ಕೈ ಸರಿಯಾಗಿಬಿಟ್ಟರೆ ಹತ್ತದಿರುವುದಕ್ಕೆ ನೆಪ ಉಳಿಯುವುದಿಲ್ಲ. ಇಬ್ಬರೂ ಒಂದೇ ಹೆದರಿಕೆಯನ್ನು ಬೇರೆ ಬೇರೆ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿದ್ದರು, ಎಣ್ಣೆ ಬಾಟಲಿ ಮಧ್ಯದಲ್ಲಿತ್ತು.

ನಾನು ಕೊಟ್ಟ ಸಲಹೆ ಅಂತ ಏನಾದರೂ ಇದ್ದರೆ ಅದು ಇಲ್ಲಿದೆ. ಕೈ ಬೇರೆ, ಮರ ಬೇರೆ, ಎರಡನ್ನೂ ಒಂದೇ ದಿನ ತೀರ್ಮಾನ ಮಾಡಬೇಡಿ ಅಂದೆ. ಕೈ ಯಾವುದಕ್ಕೆ ಬೇಕು ಅಂತ ಮೊದಲು ಬರೆಯಿರಿ, ಮರ ಬಿಟ್ಟು. ಬರೆದರು: ತಲೆ ಬಾಚೋದು, ಅಂಗಿ ಹಾಕೋದು, ಸೌದೆ ಒಡೆಯೋದು, ಬೈಕು, ಹಟ್ಟಿ ಕೆಲಸ, ಮಲಗೋದು. ಈ ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ, ಆಪರೇಷನ್ ಆದರೆ ಇದರಲ್ಲಿ ಯಾವುದು ಯಾವಾಗ ಆಗುತ್ತದೆ, ಮಾಡಿಸದೆ ಬರೀ ಫಿಸಿಯೋ ಮಾಡಿದರೆ ಯಾವುದು ಆಗುತ್ತದೆ, ಹೊಲಿದಿದ್ದು ಮತ್ತೆ ಹರಿಯುವ ಸಾಧ್ಯತೆ ನನ್ನ ವಯಸ್ಸಿಗೆ, ಈ ಅಳತೆಗೆ ಎಷ್ಟು ಅಂತ ಕೇಳಿ. ಮರದ ಮಾತು ಮುಂದಿನ ಯುಗಾದಿಗೆ.

ಡಾಕ್ಟರು ಪಟ್ಟಿ ನೋಡಿ ಈ ಸಲ ಅರ್ಧ ಗಂಟೆ ಮಾತಾಡಿದರಂತೆ. ಆರು ವಾರ ಕೈ ಜೋಳಿಗೆಯಲ್ಲಿ, ಮೂರು ತಿಂಗಳು ಭಾರ ಎತ್ತುವಂತಿಲ್ಲ, ಭಾರದ ಕೆಲಸಕ್ಕೆ ಕಡಿಮೆ ಅಂದರೂ ಆರು ತಿಂಗಳು. ಮುಂದಿನ ಸುಗ್ಗಿ ಹೋಯಿತು ಅಂತಲೇ ಲೆಕ್ಕ. ಮರ ಹತ್ತುವ ಗ್ಯಾರಂಟಿ ಕೊಡಲ್ಲ ಅಂತಲೂ ಹೇಳಿದರು. ವಿಚಿತ್ರ ನೋಡಿ, ಆ ಗ್ಯಾರಂಟಿ ಇಲ್ಲದ ಮಾತೇ ಇಬ್ಬರಿಗೂ ಸಮಾಧಾನ ತಂದಿದ್ದು. ಜೊತೆಗೆ ಒಂದು ಷರತ್ತು: ಹೊಗೆಸೊಪ್ಪು ಬಿಡಬೇಕು, ಹೊಲಿದ ಜಾಗ ಕೂಡುವುದಕ್ಕೆ ಅದು ಅಡ್ಡ. ಎಲೆಅಡಿಕೆ ಕವಳ ಇಲ್ಲದೆ ಬದುಕೋದು ಹೇಗೆ ಅಂತ ಆಪರೇಷನ್‌ಗಿಂತ ಅದಕ್ಕೇ ಹೆಚ್ಚು ಕೊರಗಿದರು.

ಜೂನ್ ಕೊನೆಗೆ, ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಗಡಿಬಿಡಿ ಊರಲ್ಲೆಲ್ಲ ಇದ್ದಾಗ ಆಪರೇಷನ್ ಆಯಿತು. ಮೊದಲ ತಿಂಗಳು ಕೆಟ್ಟದಾಗಿತ್ತು. ದಿಂಬು ಒಟ್ಟಿ ಒರಗಿಕೊಂಡೇ ನಿದ್ದೆ, ಆ ಮಳೆಯಲ್ಲಿ ಒಣಗದ ಬಟ್ಟೆ, ಎಡಗೈ ಊಟ. ಎರಡು ಸಲ ಫೋನ್ ಮಾಡಿ ಬೈದರು, ನನ್ನನ್ನಲ್ಲ, ಜಗತ್ತನ್ನು. ವಾರಕ್ಕೆರಡು ಸಲ ಬಸ್ಸಿನಲ್ಲಿ ಫಿಸಿಯೋಗೆ ಬಂದು ಹೋಗುವುದೇ ದೊಡ್ಡ ಕೆಲಸವಾಯಿತು, ಒಂದಷ್ಟು ದಿನ ತಪ್ಪಿಸಿದರು ಕೂಡ. ಎಲೆಕಿಳಿ ಮತ್ತೆ ಮಾಡಿಸಬಹುದಾ ಅಂತ ಹೆಂಡತಿ ಕೇಳಿದಾಗ, ಆಪರೇಷನ್ ಮಾಡಿದವರನ್ನು ಕೇಳಿಯೇ ಮಾಡಿಸಿ ಅಂದೆ. ಮೂರು ತಿಂಗಳಾದ ಮೇಲೆ, ತಿರುಚದೆ, ಹಗುರವಾಗಿ ಅಂತ ಅವರು ಒಪ್ಪಿದರು.

ಮೊನ್ನೆ ಜನವರಿಯಲ್ಲಿ ಫೋನ್ ಮಾಡಿದ್ದರು. ಕೈ ತಲೆಯ ಮೇಲೆ ಹೋಗುತ್ತದಂತೆ, ಮಳೆ ಮೋಡ ಬಂದ ದಿನ ಸ್ವಲ್ಪ ಹಿಡಿಯುತ್ತದಂತೆ. ಈ ಸುಗ್ಗಿಯಲ್ಲಿ ತೋಟದವರು ನೆಲದಿಂದಲೇ ಕೊನೆ ಕೊಯ್ಯುವ ಉದ್ದ ಕೋಲು, ದೋಟಿ, ಹಿಡಿಯುವ ಹುಡುಗರನ್ನು ಕರೆಸಿದ್ದರು, ಇವರು ಕೆಳಗೆ ನಿಂತು ಯಾವ ಕೊನೆ ಬಲಿತಿದೆ, ಯಾವುದು ಇನ್ನೂ ಹಸಿ ಅಂತ ತೋರಿಸಿದರು. "ಅದಕ್ಕೂ ಕೂಲಿ ಕೊಟ್ರು ಮೇಡಂ, ನಾಚಿಕೆ ಆಯ್ತು."

ತಳೆ ಎಲ್ಲಿದೆ ಅಂತ ಕೇಳಿದೆ.

"ಅಟ್ಟದ ಮೇಲೆ."

"ಯಾರು ಇಟ್ಟಿದ್ದು?"

"ನಾನೇ. ಕೈ ಎಷ್ಟು ಎತ್ತರಕ್ಕೆ ಹೋಗ್ತದೆ ಅಂತ ನೋಡೋಕೆ."