ಆಪ್ತಸಲಹೆ ಪ್ರಕರಣ: ‘ತಾಯ್ತನ’ ಸರಣಿಯಲ್ಲಿ ಕೈ ಓಡದ ಕಲಾ ವಿದ್ಯಾರ್ಥಿನಿ

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ದೃಶ್ಯಕಲಾ ಪದವಿಯ ಕೊನೆಯ ವರ್ಷ, ವಯಸ್ಸು 22. ಜ್ಯೂರಿಗೆ (ಕೃತಿಗಳನ್ನು ಪರೀಕ್ಷಕರ ಮುಂದಿಡುವ ದಿನಕ್ಕೆ) ಹತ್ತು ವಾರ ಉಳಿದಿದೆ. ತಾಯ್ತನದ ಮೇಲೆ ಆರು ಕ್ಯಾನ್ವಾಸ್ ಆಗಬೇಕಿತ್ತು. ನಾಲ್ಕನ್ನು ಶುರುಮಾಡಿ ನಾಲ್ಕಕ್ಕೂ ಬಿಳಿ ಬಳಿದಿದ್ದಾಳೆ. ನಿದ್ದೆ ಕೆಟ್ಟಿದೆ, ಅಮ್ಮನ ಫೋನ್ ಎತ್ತುತ್ತಿಲ್ಲ.

ಎಳವೆಯಲ್ಲೇ ತಂದೆ ತೀರಿಕೊಂಡರು. ತಾಯಿ ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದರು. ಮಗಳು ಎಸ್ಸೆಸ್ಸೆಲ್ಸಿವರೆಗೆ ಮಂಡ್ಯ ಕಡೆಯ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಬೆಳೆದಳು. ಅಮ್ಮ ಬರುತ್ತಿದ್ದುದು ಹಬ್ಬಕ್ಕೆ. ಆದರೂ ಪ್ರತಿ ಕ್ಯಾನ್ವಾಸಿನಲ್ಲೂ ಮಗುವನ್ನು ಎದೆಗವಚಿಕೊಂಡ, ತಲೆ ಬಾಗಿಸಿದ ಹೆಂಗಸೇ ಮೂಡುತ್ತಿದ್ದಳು. ಅದು ಕ್ಯಾಲೆಂಡರಿನ ಯಶೋದೆ. ಅವಳ ನೆನಪಿನಲ್ಲಿ ಅಂಥ ಗಳಿಗೆಯೇ ಇಲ್ಲ.

“ನನಗೋಸ್ಕರ ದುಡಿದವಳ ಮೇಲೆ ಸಿಟ್ಟು ಮಾಡ್ಕೊಳ್ಳೋದು ಪಾಪ ಅಲ್ವಾ ಮೇಡಂ?” ಎಂದಳು. ಗಂಟು ಇರುವುದು ಇಲ್ಲೇ. ಸಿಟ್ಟು ಕಾಣಬಾರದೆಂದು ಚಂದದ ತಾಯಿಯನ್ನು ಬರೆಯುತ್ತಾಳೆ, ಸುಳ್ಳೆನಿಸಿ ಅಳಿಸುತ್ತಾಳೆ. ಋಣವೂ ಸಿಟ್ಟೂ ಒಂದೇ ಎದೆಯಲ್ಲಿ ಇರಬಲ್ಲವು, ಒಂದಿದೆಯೆಂದು ಇನ್ನೊಂದು ಸುಳ್ಳಾಗದು ಎಂದು ವಿವರಿಸಲಾಯಿತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಲಾಯಿತು, ಇರಲಿಲ್ಲ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಮುಖ್ಯ ಸಲಹೆ: ಎರಡು ಪುಸ್ತಕ ಇಡು, ಒಂದಕ್ಕೊಂದು ಬೆರೆಸಬೇಡ.

ಮೊದಲನೆಯದರಲ್ಲಿ ಅಮ್ಮನಿಗೆ ಕಳಿಸದ ಪತ್ರ. ದಿನಕ್ಕೆ 20 ನಿಮಿಷ, ಹಗಲಲ್ಲಿ ಮಾತ್ರ. ಮಲಗುವ ಮುಂಚೆ ಬರೆದರೆ ಅದೇ ತಲೆಯಲ್ಲಿ ಸುತ್ತಿ ನಿದ್ದೆ ಇನ್ನಷ್ಟು ಕೆಡಬಹುದು. ಈ ಪುಸ್ತಕ ಸ್ಟುಡಿಯೋಗೆ ಹೋಗಬಾರದು.

ಎರಡನೆಯದರಲ್ಲಿ ಪೋಸ್ಟ್‌ಕಾರ್ಡ್ ಅಳತೆಯ 30 ಸ್ಕೆಚ್, ಒಂದಕ್ಕೆ ಹತ್ತೇ ನಿಮಿಷ. ತಾಯಿ-ಮಗುವಿನ ಆಕೃತಿ ಖಂಡಿತ ಬೇಡ, ರೂಢಿ ಬಿದ್ದ ಕೈ ಮತ್ತೆ ಅದೇ ಭಂಗಿಗೆ ಜಾರುತ್ತದೆ. ಕಣ್ಣಾರೆ ಕಂಡದ್ದು ಸಾಕು: ಸೆರಗಿಗಂಟಿದ ದಾರದ ಚೂರು, ಬಸ್ಸಿಗೆ ಕಾದ ಬ್ಯಾಗು, ಪಕ್ಕದ ಮನೆಯ ಫೋನು, ಅಜ್ಜಿಯ ಕೈ. ಕಲಾವಿದೆ ಮೇರಿ ಕೆಲ್ಲಿ 1973ರಿಂದ 1979ರವರೆಗೆ ಮಾಡಿದ ತಾಯ್ತನದ ಕೃತಿಯಲ್ಲಿ ತಾಯಿಯ ಚಿತ್ರವೇ ಇಲ್ಲ. ಮಗುವಿನ ಕಲೆ ಹತ್ತಿದ ಬಟ್ಟೆ, ಗೀಚು, ಟಿಪ್ಪಣಿಗಳಿವೆ. ಚಿತ್ರಕಾರ ಎಂ.ಎಫ್. ಹುಸೇನರ ಮದರ್ ತೆರೇಸಾ ಸರಣಿಯಂತೆ ಮುಖ ಬಿಡಿಸದೆ ಬಿಡುವ ಆಸೆ ಅವಳಿಗಿತ್ತು. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ಮುಖವೇ ನೆನಪಿಲ್ಲದ ಹುಸೇನರಿಗೆ ಅದು ಸಹಜ. ಇವಳಿಗೆ ಅಮ್ಮನ ಮುಖ ಚೆನ್ನಾಗಿ ಗೊತ್ತು, ಹಾಗಾಗಿ ಅದು ತಪ್ಪಿಸಿಕೊಳ್ಳುವ ದಾರಿ.

ಕ್ಯಾನ್ವಾಸಿನ ಅಳತೆಯ ಲೆಕ್ಕವನ್ನು ಗೈಡ್ ಜೊತೆ ಕೂತು ಮಾಡಬೇಕು. ದಪ್ಪ ತೈಲವರ್ಣ ವಾರಗಟ್ಟಲೆ ಒಣಗುವುದಿಲ್ಲ. ಇರುವ ಸಮಯಕ್ಕೆ ಬೇಗ ಒಣಗುವ ಅಕ್ರಿಲಿಕ್ ಬಣ್ಣದಲ್ಲಿ 18×24 ಇಂಚಿನ ನಾಲ್ಕು ಸಾಕೇ ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ. ಬಿಳಿ ಬಳಿದ ಹಳೆಯ ಕ್ಯಾನ್ವಾಸಿನ ಬಣ್ಣ ತೈಲದ್ದಾದರೆ ಅದರ ಮೇಲೆ ಅಕ್ರಿಲಿಕ್ ಬೇಡ, ಹಿಡಿಯದೆ ಸುಲಿದು ಬರುತ್ತದೆ.

ಅಮ್ಮನ ಮುಖ, ಫೋಟೊ, ಫ್ಯಾಕ್ಟರಿ ಗುರುತಿನ ಚೀಟಿ ಬಳಸುವುದಾದರೆ ಒಪ್ಪಿಗೆ ಬೇಕೇಬೇಕು. ನೆಂಟರಿಷ್ಟರ ಎದುರು ಪ್ರದರ್ಶನದಲ್ಲೇ ಮೊದಲ ಬಾರಿ ನೋಡುವಂತೆ ಮಾಡುವುದು ಅನ್ಯಾಯ. ಮಾತು ಶುರುಮಾಡಲು ಅಭ್ಯಾಸ ಮಾಡಿಸಿದ ವಾಕ್ಯ: “ಅಮ್ಮ, ನೀನು ಊರಲ್ಲಿ ಇಲ್ದಿದ್ದ ದಿನಗಳ ಚಿತ್ರ ಬರೀತಿದೀನಿ. ನಿಂದು ತಪ್ಪು ಅಂತಲ್ಲ. ಆಗ ನಿನ್ನ ದಿನ ಹೆಂಗಿರ್ತಿತ್ತು, ಹೇಳು.” ‘ಯಾಕೆ ಬಿಟ್ಟು ಹೋದೆ’ ಎಂದು ಕೇಳಿದರೆ ಎದುರಿನವರು ಸಮಜಾಯಿಷಿಗೆ ಇಳಿಯುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅಮ್ಮ ಹೇಳಿದ್ದು ಕಾಲರ್ ಹೊಲಿಗೆಯ ಬಗ್ಗೆ, ಗಂಟೆಯ ಟಾರ್ಗೆಟ್ ಬಗ್ಗೆ. ಚೀಟಿ ಕೊಟ್ಟರು, ಹೆಸರು ಕಾಣಬಾರದು ಎಂದರು. ಆ ಷರತ್ತಿನಂತೆಯೇ ಬರೆದಳು.

ಜ್ಯೂರಿಯಲ್ಲಿ ‘ಇದು ನಿನ್ನ ಕತೆಯಾ?’ ಎಂದು ಕೇಳೇ ಕೇಳುತ್ತಾರೆ. ಎಲ್ಲ ಬಿಚ್ಚಿಡಬೇಕಾಗಿಲ್ಲ. “ಹೌದು ಸರ್, ಹೇಳಬೇಕಾದಷ್ಟು ಚಿತ್ರದಲ್ಲಿದೆ” ಎಂದು ಹೇಳಿ ಬಣ್ಣ, ಅಳತೆ, ವಸ್ತುಗಳ ಆಯ್ಕೆಯ ಕಡೆಗೆ ಮಾತು ತಿರುಗಿಸು ಎಂದು ತಿಳಿಸಲಾಗಿದೆ.